ಟಿಲ್‌ಕಾಟ್ ಕಂಪನಿಯ ಬಂಬ

ಹುಣಸೆಹಣ್ಣು ತಾಮ್ರಕ್ಕೆ ತಾಗಿದ ಕೂಡಲೇ ಒಂದು ವಾಸನೆ ಏಳುತ್ತದಲ್ಲ, ನಿಮಗೂ ಗೊತ್ತಿರಬೇಕು. ಬರೀ ಹುಳಿಯದೂ ಅಲ್ಲ, ಬರೀ ಲೋಹದ್ದೂ ಅಲ್ಲ, ಹಳೆಯ ಬಚ್ಚಲಮನೆಯ ಬಾಗಿಲು ತೆರೆದಾಗಿನ ವಾಸನೆ. ಈಗ ಫೆಲ್ಥಮ್ಮಿನ ನನ್ನ ಅಡುಗೆಮನೆಯ ಸಿಂಕಿನಿಂದ ಅದು ಎದ್ದಿದೆ. ನಾಳೆ ನರಕ ಚತುರ್ದಶಿ, ಇವತ್ತು ನೀರು ತುಂಬುವ ಹಬ್ಬ. ಹಂಡೆ ತೊಳೆದು, ಸಿಂಗರಿಸಿ, ನೀರು ತುಂಬಿಡಬೇಕಾದ ದಿನ. ನನ್ನ ಹತ್ತಿರ ತುಂಬಲಿಕ್ಕೆ ಇರುವುದು ಒಂದೇ ಒಂದು ತಾಮ್ರದ ತಂಬಿಗೆ. ಉಳಿದ ಬಿಸಿನೀರೆಲ್ಲ ಗೋಡೆಗೆ ಅಂಟಿಕೊಂಡ ಬಿಳಿಯ ಪೆಟ್ಟಿಗೆಯಿಂದ ಬರುತ್ತದೆ. ಅದಕ್ಕೆ ಕುಂಕುಮ ಹಚ್ಚಿದರೆ ವರ್ಷಕ್ಕೊಮ್ಮೆ ಸರ್ವಿಸಿಗೆ ಬರುವ ಗ್ಯಾಸಿನವನು ಏನಂದುಕೊಂಡಾನೋ ಎಂದು ಹಾಗೇ ಬಿಟ್ಟಿದ್ದೇನೆ.

ತಂಬಿಗೆಯಿಂದ ನೀರು ಸಿಡಿಯದಷ್ಟು ದೂರದಲ್ಲಿ ಒಂದು ನೋಟ್‌ಬುಕ್ ಇದೆ. ಮೊನ್ನೆ ಸಟನ್‌ನಿಂದ ಪೋಸ್ಟಿನಲ್ಲಿ ಬಂತು. ಅದರ ಕೊನೆಯ ಪುಟ ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಆ ಪುಟದಲ್ಲಿ ಏನಿದೆ ಎಂದು ಹೇಳಬೇಕಾದರೆ ಮೊದಲು ಆರ್ಥರ್ ವಿಷಯ ಹೇಳಬೇಕು. ಆರ್ಥರ್ ವಿಷಯ ಹೇಳಬೇಕಾದರೆ, ನೂರು ವರ್ಷದ ಹಿಂದೆ ಹುಟ್ಟಿದಷ್ಟೇ ಬೇಗ ಮುಚ್ಚಿಹೋದ ಒಂದು ಕಾರಿನ ಕಂಪನಿಯ ವಿಷಯ ಹೇಳಬೇಕು. ಅವಸರ ಇಲ್ಲದಿದ್ದರೆ ಕೂತುಕೊಳ್ಳಿ. ತಂಬಿಗೆ ಬೆಳಗಲು ಇನ್ನೂ ಹೊತ್ತು ಬೇಕು.

ಮದುವೆಯಾಗಿ ನಾನು ಧಾರವಾಡದಿಂದ ಇಲ್ಲಿಗೆ ಬಂದದ್ದು ತೊಂಬತ್ತೆರಡರಲ್ಲಿ. ಲಂಡನ್ ಅಂದರೆ ಗಡಿಯಾರದ ಗೋಪುರ, ಕೆಂಪು ಬಸ್ಸು, ಟೋಪಿ ಹಾಕಿದ ಜನ ಎಂದುಕೊಂಡು ಬಂದವಳಿಗೆ ಸಿಕ್ಕದ್ದು ಫೆಲ್ಥಮ್. ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳ ಸಾಲು, ತಲೆಯ ಮೇಲೆ ವಿಮಾನ. ನಮ್ಮವರಿಗೆ ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ ಕೆಲಸ. ಆಮೇಲೆ ನನಗೂ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯೊಂದರಲ್ಲಿ ಶಿಫ್ಟ್ ಸಿಕ್ಕಿತು. ನಾನು ಫಾಯಿಲ್ ಮುಚ್ಚಿ ಕಳಿಸಿದ ಉಪ್ಪಿಟ್ಟು ಯಾವ ಯಾವ ಸಮುದ್ರ ದಾಟಿತೋ, ನಾನಂತೂ ಎರಡು ವರ್ಷ ಬ್ರೈಟನ್ನಿನ ಸಮುದ್ರವನ್ನೂ ನೋಡಿರಲಿಲ್ಲ.

ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇದೆ. ವಿಮಾನ ಬಂದರೆ ಯಾರೂ ದನಿ ಏರಿಸುವುದಿಲ್ಲ. ಮಾತು ಎಲ್ಲಿತ್ತೋ ಅಲ್ಲಿಗೇ ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಾರೆ. ಪಕ್ಕದ ಮನೆಯ ಆರ್ಥರ್ ಮೊದಲ ಸಲ ನನ್ನೆದುರು ಹಾಗೆ ಬಾಯಿ ಅರ್ಧ ತೆರೆದು ನಿಂತುಬಿಟ್ಟಾಗ, ಇವರಿಗೆ ಏನೋ ಆಯಿತೆಂದು ಹೆದರಿ ನೀರು ತರಲು ಒಳಗೆ ಓಡಿದ್ದೆ. ಲೋಟ ಹಿಡಿದು ಬರುವಷ್ಟರಲ್ಲಿ ಅವರು ಬೇಲಿಗೆ ಮುಖ ಮಾಡಿ ವಾಕ್ಯ ಮುಗಿಸಿಯಾಗಿತ್ತು.

ಆರ್ಥರ್ ಏರ್‌ಪೋರ್ಟಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಟನ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಂಗಿಯ ಮಗಳು ಜಾನೆಟ್ ಒಬ್ಬಳೇ ಬಳಗ. ಎತ್ತರದ ಮನುಷ್ಯ. ಬಾಗಿಲು ಬಂದಲ್ಲೆಲ್ಲ ಬಾಗಿ ಬಾಗಿ ಬೆನ್ನು ಹಾಗೇ ನಿಂತಿತ್ತು. ಅವರ ಹಿತ್ತಲಿನ ಗ್ಯಾರೇಜಿನಲ್ಲಿ ಒಂದು ಕಾರು ಬಿಡಿ ಬಿಡಿಯಾಗಿ ಬಿದ್ದಿತ್ತು. ಸೈಕಲ್ಲಿಗೆ ಇರುವಂಥ ತೆಳ್ಳನೆಯ ನಾಲ್ಕು ಗಾಲಿ, ಟಾಂಗಾದ ಸೀಟಿನಂಥ ಒಂದು ಸೀಟು, ಸ್ಟೀರಿಂಗಿನ ಬದಲು ಒಂದು ಉದ್ದನೆಯ ಹಿಡಿಕೆ. ಬೆಂಚಿನ ಮೇಲೆ ನೆಟ್ಟಗೆ ನಿಲ್ಲಿಸಿದ ತಾಮ್ರದ ಒಂದು ಬಾಯ್ಲರ್. ಅದು ಪೆಟ್ರೋಲಿನ ಕಾರಲ್ಲ, ಆವಿಯ ಕಾರು.

ಅದರ ಕಥೆಯನ್ನು ಅವರು ನನಗೆ ಬೇಲಿಯ ಮೇಲಿಂದ ಹೇಳಿದ್ದು ವಿಮಾನಗಳ ನಡುವಿನ ಸಂದಿನಲ್ಲಿ, ತಿಂಗಳುಗಟ್ಟಲೆ. ತುಂಡು ತುಂಡಾಗಿ ಕೇಳಿದ್ದಕ್ಕೋ ಏನೋ, ಆ ಕಂಪನಿ ನನಗೆ ಯಾವಾಗಲೂ ಮಂಜಿನಲ್ಲಿ ಕಂಡಂತೆಯೇ ಕಾಣುತ್ತದೆ. ಟಿಲ್‌ಕಾಟ್ ಎಂಬವನು ತೇಮ್ಸ್ ದಂಡೆಯ ಒಂದು ಸಂದಿಯಲ್ಲಿ ಬಟ್ಟೆ ಬೇಯಿಸುವ ತಾಮ್ರದ ಹಂಡೆಗಳನ್ನು ಮಾಡುತ್ತಿದ್ದ. ಒಂದು ದಿನ ಯಾವುದೋ ಪ್ರದರ್ಶನದಲ್ಲಿ ಅಮೆರಿಕದಿಂದ ಬಂದ ಆವಿಯ ಕಾರು ನೋಡಿದ. ಎಲ್ಲರೂ ಬೆರಗಾಗಿ ಕಾರಿನ ಸುತ್ತ ತಿರುಗುತ್ತಿದ್ದರೆ ಇವನು ಬಗ್ಗಿ ಕೆಳಗೆ ನೋಡಿ, ಅಯ್ಯೋ, ಇದು ನಾನು ದಿನಾ ಮಾಡುವ ಹಂಡೆಯೇ ಅಲ್ಲವೇ, ಗಾಲಿ ಒಂದು ಹೆಚ್ಚಿಗೆ, ಅಂದನಂತೆ. ಮನೆಗೆ ಬಂದು ತನ್ನ ಕಾರ್ಖಾನೆಯ ಅಂಗಳದ ಬಾಗಿಲಿಗೆ ಹೊಸ ಬೋರ್ಡು ಬರೆಸಿದ. ಮುದುಕಿ ರಾಣಿ ತೀರಿಕೊಂಡ ಚಳಿಗಾಲದಲ್ಲಿ ಮೊದಲ ಕಾರು ಹೊರಬಿತ್ತು. ಅವಳ ಮಗನ ಪಟ್ಟಾಭಿಷೇಕದ ಹೊತ್ತಿಗೆ ಕಂಪನಿಗೆ ಮೇಲುಸಿರು. ಮತ್ತೊಂದು ವರ್ಷಕ್ಕೆ ಬೋರ್ಡು ಇಳಿಯಿತು.

ಆ ಕಾರುಗಳಿಗೆ ಸದ್ದೇ ಇರಲಿಲ್ಲವಂತೆ. ಗಾಲಿಯ ಸರಸರ, ಎಲ್ಲೋ ಒಂದು ಉಸಿರು, ಅಷ್ಟೇ. ಗಂಡ ಹೆಂಡತಿ ದನಿ ಏರಿಸದೆ ಮಾತಾಡುತ್ತ ಹೋಗಬಹುದು ಎಂದು ಟಿಲ್‌ಕಾಟ್ ಹೇಳಿಕೊಂಡು ತಿರುಗುತ್ತಿದ್ದ. ಗೇರ್ ಇಲ್ಲ, ಹೊಗೆ ಇಲ್ಲ. ದಾರಿಯಲ್ಲಿ ನೀರು ಮುಗಿದರೆ ಕುದುರೆಗಳು ಕುಡಿಯುವ ತೊಟ್ಟಿಯ ಹತ್ತಿರ ನಿಂತು ತುಂಬಿಕೊಳ್ಳುವುದು. ಕುದುರೆ ಆ ಕಡೆಯಿಂದ, ಕಾರು ಈ ಕಡೆಯಿಂದ. ಇದನ್ನು ಹೇಳುವಾಗ ಆರ್ಥರ್ ಕಣ್ಣು ಅರ್ಧ ಮುಚ್ಚುತ್ತಿದ್ದರು. ನಾನು ಬಟ್ಟೆ ಒಣಹಾಕುವ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು, ನಸುಕಿನ ಮಂಜಿನಲ್ಲಿ ಸದ್ದಿಲ್ಲದೆ ತೇಲಿಹೋಗುವ ಆ ಕಾರುಗಳನ್ನು ನೋಡುತ್ತ ನಿಂತುಬಿಡುತ್ತಿದ್ದೆ.

ಒಂದೇ ತೊಂದರೆ, ನೀರು ಕಾಯಬೇಕಲ್ಲ. ಬೆಂಕಿ ಹಚ್ಚಿ ಅರ್ಧ ಗಂಟೆ ಕಾಯದೆ ಕಾರು ಹೊರಡುತ್ತಿರಲಿಲ್ಲ. ಒಬ್ಬ ಡಾಕ್ಟರು ಕೊಂಡಿದ್ದನಂತೆ. ಕರೆ ಬಂದು, ಬೆಂಕಿ ಹಚ್ಚಿ, ಆವಿ ಏರಿ, ಅವನು ಹೋಗಿ ಮುಟ್ಟುವ ಹೊತ್ತಿಗೆ ರೋಗಿ ಎದ್ದು ಕೂತು ಚಹಾ ಕುಡಿಯುತ್ತಿದ್ದ. ಅಷ್ಟರಲ್ಲಿ ಪೆಟ್ರೋಲಿನ ಕಾರು ಬಂತು. ಗದ್ದಲ, ನಾತ, ಆದರೆ ತಿರುಗಿಸಿದರೆ ಹೊರಡುತ್ತಿತ್ತು. ಟಿಲ್‌ಕಾಟನ ಕಂಪನಿ ಜಗತ್ತಿನ ಅವಸರ ತಾಳದೆ ಹೋಯಿತು.

ಆರ್ಥರ್ ಅವರ ಅಜ್ಜ ವಿಲಿಯಂ ಅಲ್ಲಿ ತಾಮ್ರದ ಕೆಲಸಕ್ಕಿದ್ದವನು. ಕಂಪನಿ ಮುಚ್ಚುವಾಗ ಕಟ್ಟಿ ಮುಗಿಸಿದ ಕೊನೆಯ ಕಾರನ್ನು ಅವನೇ ಮನೆಗೆ ತಂದು ತಾಡಪತ್ರಿ ಹೊದಿಸಿಟ್ಟ. ಆದರೆ ಹಳೆಯ ಕಾರುಗಳ ಸಂಘದವರ ಪುಸ್ತಕ ಬೇರೆಯೇ ಹೇಳುತ್ತಿತ್ತು. ಟಿಲ್‌ಕಾಟ್ ಕಂಪನಿ ತಾನೇ ಏನನ್ನೂ ಮಾಡಲಿಲ್ಲ, ಅಮೆರಿಕದ ಬಾಯ್ಲರು ಎಂಜಿನ್ನು ತರಿಸಿ ಮೇಲೆ ಸೀಟು ಕೂರಿಸಿ ಮಾರಿತು ಎಂದು ಎರಡು ಸಾಲು, ಮುಗಿಯಿತು. ಆರ್ಥರ್ ಅವರ ಮಟ್ಟಿಗೆ ಅದು ಅಜ್ಜನನ್ನು ಸುಳ್ಳುಗಾರ ಎಂದ ಹಾಗೆ. ಹೀಗಿರುವಾಗ ಒಂದು ದಿನ ಬಾಯ್ಲರಿನ ಮರದ ಹೊದಿಕೆ ಬಿಚ್ಚಿದಾಗ ಒಳಗೆ ತಾಮ್ರದ ಮೇಲೆ ಕುಂಚದಿಂದ ಬರೆದ ಬಿಳಿಯ ಅಕ್ಷರ ಸಿಕ್ಕವು. ಟಿಲ್‌ಕಾಟನ ಅಂಗಳದಲ್ಲಿ ಕಟ್ಟಿ ಆವಿ ನೋಡಿದ್ದು, ಅಂದರೆ ಆವಿ ಏರಿಸಿ ಪರೀಕ್ಷೆ ಮಾಡಿದ್ದು, ಎಂಬ ಒಂದು ಸಾಲು, ಕೆಳಗೆ ಅಜ್ಜನ ಹೆಸರಿನ ಮೊದಲಕ್ಷರಗಳು. ಎಷ್ಟು ಮಾಸಿದ್ದವೆಂದರೆ ಫೋಟೋ ತೆಗೆದರೆ ಫ್ಲಾಶಿನ ಹೊಳಪಷ್ಟೇ ಬರುತ್ತಿತ್ತು. ಬೆಂಕಿಯ ಬಿಸಿಗೆ ಎಲ್ಲಿ ಹಾರಿಹೋಗುತ್ತವೋ ಎಂದು ಬಾಯ್ಲರಿಗೆ ಉರಿಯನ್ನೇ ತೋರಿಸಿರಲಿಲ್ಲ. ಸಂಘದವರು ನವೆಂಬರಿನಲ್ಲಿ ತಾವೇ ಬಂದು ನೋಡುತ್ತೇವೆ ಎಂದು ಬರೆದಿದ್ದರು. ಆರ್ಥರ್ ಕಂಪನಿಯ ಚರಿತ್ರೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ, ಕೊನೆಯ ಪುಟ ಖಾಲಿ ಬಿಟ್ಟು ಕಾಯುತ್ತಿದ್ದರು.

ಆ ವರ್ಷ, ಅಂದರೆ ತೊಂಬತ್ತೈದರಲ್ಲಿ, ನಮ್ಮ ಅತ್ತೆ ಗಂಗವ್ವ ಆರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದರು. ಇಳಕಲ್ಲ ಸೀರೆ, ಮೇಲೆ ಮಗನ ಕೋಟು, ಕಾಲಿಗೆ ಬಿಳಿಯ ಬೂಟು. ಇಂಗ್ಲಿಷ್ ಒಂದಕ್ಷರ ಬರದು, ಆದರೆ ಅದರಿಂದ ತಮಗೆ ತೊಂದರೆ ಎಂದು ಅವರಿಗೆ ಅನಿಸಿದ್ದೇ ಇಲ್ಲ. ತೊಂದರೆ ಅನಿಸಿದ್ದು ನನಗೆ. ಬಂದ ದಿನದಿಂದ ನಾನು ಅವರಿಗೆ ಹೇಳಿದ ಮಾತೆಲ್ಲ ಬ್ಯಾಡ ಎಂಬುದರಲ್ಲೇ ಮುಗಿಯುತ್ತಿತ್ತು. ಸೀರೆ ಮುಂದಿನ ಗೇಟಿನ ಮೇಲೆ ಹಾಕಬ್ಯಾಡ್ರಿ. ಸ್ಮೋಕ್ ಅಲಾರಮ್ಮಿನ ಕೆಳಗೆ ಊದುಬತ್ತಿ ಹಚ್ಚಬ್ಯಾಡ್ರಿ. ಬಾಥ್‌ರೂಮಿಗೆ ಕಾರ್ಪೆಟ್ ಹಾಸಿದ ಮನೆ ಅದು, ನೆಲಕ್ಕೆ ನೀರು ಚೆಲ್ಲಬ್ಯಾಡ್ರಿ. ಬಸ್ಸಿನಲ್ಲಿ ಗಟ್ಟಿಯಾಗಿ ಮಾತಾಡಬ್ಯಾಡ್ರಿ.

"ನಿಮ್ಮ ಲಂಡನ್ನಿನಾಗ ನಾ ಒಂದ ಮಾತು ಛಲೋ ಕಲತೆ ನೋಡವಾ, ಬ್ಯಾಡ ಅನ್ನೂದು," ಎಂದು ಒಂದು ದಿನ ನಕ್ಕರು. ನಾನೂ ನಕ್ಕೆ. ಆಮೇಲೆ ಬಹಳ ಹೊತ್ತು ಕಸಿವಿಸಿಯಾಯಿತು.

ಅವರಿಗೆ ಮನೆಯಲ್ಲಿ ಬೆಂಕಿ ಇಲ್ಲದ್ದೇ ದೊಡ್ಡ ಸೋಜಿಗ. ಬಚ್ಚಲೊಲೆ ಇಲ್ಲ, ಹೊಗೆ ಇಲ್ಲ, ಬೂದಿ ಇಲ್ಲ, ಆದರೂ ನೀರು ಬಿಸಿ. ಹಾಗಿರುವಾಗ ಒಮ್ಮೆ ಬೇಲಿಯ ಮೇಲಿಂದ ಆರ್ಥರ್ ಅವರ ಗ್ಯಾರೇಜಿನೊಳಗೆ ಕಣ್ಣು ಹಾಯಿಸಿದವರು ಹಾಗೇ ನಿಂತರು.

"ಏ ಇವಳ, ಅದು ನಮ್ಮ ಬಂಬ ಅಲ್ಲೇನ! ಆ ಮುದಕ ಅದನ್ಯಾಕ ಕಾರಿನಾಗ ಕುಂದರಸಾಕ ಹತ್ಯಾನ?"

ನಮ್ಮ ಕಡೆ ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಬಂಬ ನೋಡಿದ್ದೀರಲ್ಲ? ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಟಿಲ್‌ಕಾಟನ ಬಾಯ್ಲರ್ ಅದೇ. ಒಂದು ದೊಡ್ಡ ಕೊಳವೆಯ ಬದಲು ನೂರಾರು ಸಣ್ಣ ಕೊಳವೆ, ಅಷ್ಟೇ ವ್ಯತ್ಯಾಸ. ನಾನು ಮೂರು ವರ್ಷ ಕೇಳಿಯೂ ಪೂರ್ತಿ ತಿಳಿಯದ ಯಂತ್ರವನ್ನು ಅತ್ತೆ ಒಂದು ನೋಟಕ್ಕೆ ತಿಳಿದುಬಿಟ್ಟರು. ಅಂದಿನಿಂದ ದಿನಾ ಮಧ್ಯಾಹ್ನ ಗ್ಯಾರೇಜಿನಲ್ಲಿ ಬಕೆಟ್ ಬೋರಲು ಹಾಕಿ ಕೂರುವುದು. ಅವರು ಕನ್ನಡದಲ್ಲಿ ಬಂಬದ ಗುಣದೋಷ ಹೇಳುವುದು, ಆರ್ಥರ್ ಇಂಗ್ಲಿಷಿನಲ್ಲಿ ಅಜ್ಜನ ಕಥೆ ಹೇಳುವುದು. ವಿಮಾನ ಬಂದಾಗ ಇಬ್ಬರೂ ಒಟ್ಟಿಗೆ ನಿಲ್ಲಿಸಿ ಒಟ್ಟಿಗೆ ಶುರು ಮಾಡುತ್ತಿದ್ದರು. ಅತ್ತೆ ಈ ಊರಿನ ಒಂದು ಪದ್ಧತಿಯನ್ನಾದರೂ ನನ್ನಿಂದ ಹೇಳಿಸಿಕೊಳ್ಳದೆ ಕಲಿತಿದ್ದರು.

ದೀಪಾವಳಿಗೆ ಎರಡು ದಿನ ಮುಂಚೆ ಆರ್ಥರ್ ಬೇಲಿಯ ಹತ್ತಿರ ಬಂದು ಗ್ಯಾರೇಜಿನ ಕೀಲಿಕೈ ಕೊಟ್ಟರು. "ನಾಳೆ ಜಾನೆಟ್ ಮನೆಗೆ ಹೋಗ್ತೇನೆ, ಭಾನುವಾರ ಸಂಜೆ ಬರ್ತೇನೆ. ಛಾವಣಿ ಸೋರ್ತಿದೆ, ಕೆಳಗಿನ ಬಕೆಟ್ ತುಂಬಿದರೆ ಚೆಲ್ಲಿಬಿಡಿ. ಅತ್ತೆಯವರು ಬೇಕಾದರೆ ಬಂದು ಕೂತುಕೊಳ್ಳಲಿ. ಆದರೆ ಆ ಬಿಳೀ ಅಕ್ಷರಗಳನ್ನ," ಎನ್ನುವಷ್ಟರಲ್ಲಿ ವಿಮಾನ ಬಂತು. ಕಾದರು. "ಅಕ್ಷರಗಳನ್ನ ಮಾತ್ರ ಮುಟ್ಟಬಾರದು ಅಂತ ಅವರಿಗೆ ಹೇಳಿ. ಎಲ್ಲಿವೆ ಅಂತ ತೋರಿಸಿ. ಹೇಳ್ತೀರಲ್ಲ?"

"ಹೇಳ್ತೇನೆ," ಅಂದೆ.

ಭಾನುವಾರ ಬೆಳಿಗ್ಗೆ ಶಿಫ್ಟಿಗೆ ಹೊರಟೆ. ಹಿಂದಿನ ದಿನವೇ ಚಕ್ಕುಲಿ ಕರಿಯುವ ವಿಷಯಕ್ಕೆ ಅಲಾರಂ ಕೂಗಿ, ನಾನು ಮತ್ತೊಂದು ಬ್ಯಾಡ ಹೇಳಿ, ಅತ್ತೆ ಹಿಟ್ಟು ಮುಚ್ಚಿಟ್ಟಿದ್ದರು. ಈಗ ಕೀಲಿಕೈ ಕೊಡುವಾಗ ಅವರ ಮುಖ ನೋಡಿದೆ. ಹಬ್ಬದ ದಿನ ಬೆಳಬೆಳಿಗ್ಗೆ ಇನ್ನೊಂದು ಬ್ಯಾಡ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಅದೂ ಸೊಸೆಯಾದವಳು ಅತ್ತೆಗೆ ಮುಟ್ಟಬ್ಯಾಡ್ರಿ ಅನ್ನುವುದು! ಮಧ್ಯಾಹ್ನ ಬಂದು ಹೇಳಿದರಾಯಿತು ಎಂದುಕೊಂಡೆ. "ಆ ಬಕೇಟದಾಗಿನ ನೀರಷ್ಟ ಚೆಲ್ಲಿ ಬರ್ರಿ ಅತ್ತಿ," ಎಂದು ಬಸ್ಸಿಗೆ ಓಡಿದೆ.

ಮೂರು ಗಂಟೆಗೆ ಬಂದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ಸಂಜೆಯ ಸೂರ್ಯ ಇಳಿದು ಕೂತಂತೆ ಬಂಬ ಹೊಳೆಯುತ್ತಿತ್ತು. ಹುಣಸೆಹಣ್ಣು, ಉಪ್ಪು, ಇಟ್ಟಂಗಿ ಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದಿದ್ದರು. ಮೇಲೆ ವಿಭೂತಿಯ ಪಟ್ಟೆ, ಕುಂಕುಮ. ಬಳ್ಳಿ ಸುತ್ತಬೇಕಲ್ಲ, ಬೇಲಿಯ ಮೇಲಿನ ಐವಿ ಕಿತ್ತು ಸುತ್ತಿದ್ದರು. ಮೇಲಿನ ತೂತಿನಿಂದ ತಂಬಿಗೆ ತಂಬಿಗೆಯಾಗಿ ಕಂಠಮಟ ನೀರು ತುಂಬಿದ್ದರು.

"ಬಾ, ಬಾ, ನೋಡ ಬಾ! ಇಲ್ಲಿಗೆ ಬಂದ ಮ್ಯಾಲೆ ಇವತ್ತೊಂದ ದಿನ ಹಬ್ಬ ಅನಸೇತಿ ನೋಡು," ಅಂದರು. ನಾನು ಬಗ್ಗಿ ಬಿಳಿಯ ಅಕ್ಷರ ಹುಡುಕಿದೆ. ಅದರ ನೆರಳೂ ಉಳಿದಿರಲಿಲ್ಲ.

ಆರ್ಥರ್ ಸಂಜೆ ಬಂದರು. ಅತ್ತೆ ಬಾಗಿಲಲ್ಲೇ ಕಾದು ನಿಂತಿದ್ದರು, ಮುಖದ ತುಂಬ ನಗು. ಅವರು ಒಳಗೆ ಬಂದು ಟೋಪಿ ತೆಗೆದರು. ಬಹಳ ಹೊತ್ತು ನೋಡಿದರು. ಕುಂಕುಮಕ್ಕೆ ಒಂದು ಬೆರಳು ತಾಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇವರಿಗೆ ಹೇಳಿದ್ದಿರಾ?" ಎಂದು ಕೇಳಿದರು.

ಇಲ್ಲಿಯವರೆಗಿನದನ್ನು ನಾನು ಹತ್ತಾರು ಜನರಿಗೆ ಹೇಳಿದ್ದೇನೆ. ಇಲ್ಲಿಂದ ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತಿರುವುದು ನಿಮಗೇ ಮೊದಲು. "ಹೇಳಿದ್ದೆ," ಅಂದೆ ನಾನು. ಇಂಗ್ಲಿಷಿನಲ್ಲಿ ಅಂದೆ. ಪಕ್ಕದಲ್ಲೇ ನಿಂತ ಅತ್ತೆಗೆ ಅದು ತಿಳಿಯಲಿಲ್ಲ. ಅವರು ನಗುತ್ತಲೇ ಇದ್ದರು.

"ತುಂಬಾ ಹೊಳೀತಿದೆ. ಅವರಿಗೆ ಥ್ಯಾಂಕ್ಸ್ ಹೇಳಿ," ಅಂದರು ಆರ್ಥರ್. ಅದನ್ನು ಮಾತ್ರ ಸರಿಯಾಗಿ ಹೇಳಿದೆ.

ನಮ್ಮವರಿಗೆ ವಿಷಯ ಬೇಲಿಯ ಹತ್ತಿರವೇ ತಿಳಿಯಿತು. ಒಳಗೆ ಬಂದವರೇ ತಾಯಿಯ ಮೇಲೆ ರೇಗಿದರು. "ಅಕಿ ಮುಟ್ಟಬ್ಯಾಡಾ ಅಂತ ಹೇಳಿದ ಮ್ಯಾಲೂ ಯಾಕ ತಿಕ್ಕಿದಿ ಬೇ ಯವ್ವಾ? ಆ ಮನಿಶ್ಯಾಂದು ಜೀವಮಾನದ ಕೆಲಸ ಹಾಳಾತಲ್ಲ!" ಅತ್ತೆ ಅವರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಬೇಳೆ ತಿರುವುತ್ತಿದ್ದೆ, ಅಷ್ಟು ಶ್ರದ್ಧೆಯಿಂದ ಹಿಂದೆಂದೂ ತಿರುವಿದವಳಲ್ಲ. "ತಪ್ಪಾತಪಾ. ಮರತೆ," ಅಂದರು ಅತ್ತೆ. ಬೇಳೆ ತಳ ಹತ್ತಿತು.

ಮರುದಿನ ಎಣ್ಣೆಸ್ನಾನ ಮುಗಿಸಿ, ತಟ್ಟೆಯಲ್ಲಿ ಕರದಂಟು ಇಟ್ಟುಕೊಂಡು ಒಬ್ಬರೇ ಆರ್ಥರ್ ಮನೆಗೆ ಹೋಗಿ ಕೈಮುಗಿದು ಬಂದರು. ಕಿಟಕಿಯಿಂದ ನೋಡಿದೆ. ಆರ್ಥರ್ ಆ ಮುಗಿದ ಕೈಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಏನೋ ಹೇಳುತ್ತಿದ್ದರು. ನಾನು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ.

ನವೆಂಬರಿನಲ್ಲಿ ಸಂಘದವರು ಬಂದರು, ಬಹಳ ಮರ್ಯಾದೆಯ ಜನ. ಕನ್ನಡಿಯಂತಿದ್ದ ತಾಮ್ರವನ್ನು ಟಾರ್ಚು ಹಾಕಿ ನೋಡಿ, ಚಹಾ ಕುಡಿದು ಹೋದರು. ವಾರದ ಮೇಲೆ ಕಾಗದ ಬಂತು. ಪುಸ್ತಕದಲ್ಲಿನ ಎರಡು ಸಾಲು ಇದ್ದಂತೆಯೇ ಇರುತ್ತವೆ ಎಂದು. ಆರ್ಥರ್ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಸರಿ, ಇನ್ನು ಹೆದರಬೇಕಾದ್ದೇನಿಲ್ಲ. ಬೆಂಕಿ ಹಚ್ಚಬಹುದು," ಅಂದರು. ನಿಜವೇ. ಇಷ್ಟು ವರ್ಷ ಆ ಕಾರನ್ನು ತಣ್ಣಗೆ ಇಟ್ಟದ್ದು ಆ ಅಕ್ಷರಗಳೇ.

ಫಿಟ್ಟರ್ ಮನುಷ್ಯ, ಬಾಯ್ಲರನ್ನು ಒತ್ತಡ ಹಾಕಿ ಪರೀಕ್ಷೆ ಮಾಡಿ, ಜೋಡಿಸಿ, ಹತ್ತು ದಿನದಲ್ಲಿ ಕಾರನ್ನು ಗಾಲಿಯ ಮೇಲೆ ನಿಲ್ಲಿಸಿದರು. ಅತ್ತೆ ಊರಿಗೆ ಹೊರಡುವ ಹಿಂದಿನ ಭಾನುವಾರ. ಬೆಳಗಿನ ಮಂಜು ಬೀದಿಯ ಮೇಲೆ ಹಾಸಿತ್ತು, ಮಂಜಿಗೆ ವಿಮಾನಗಳೂ ತಡವಾಗಿದ್ದವು. ಬರ್ನರ್ ಹೊತ್ತಿಸಿದರು. ನಾವೆಲ್ಲ ಗಡಿಯಾರ ನೋಡುತ್ತ ನಿಂತೆವು. ಅತ್ತೆ ಮಾತ್ರ ಕಣ್ಣು ಮುಚ್ಚಿ ಬಂಬದ ಕಡೆ ಕಿವಿ ಕೊಟ್ಟಿದ್ದರು. ಮೊದಲು ನೀರು ಗೊಣಗಿತು, ಆಮೇಲೆ ಹಾಡಿತು. "ಇನ್ನೂ ಇಲ್ಲ," ಎಂದು ಕೈ ಅಡ್ಡ ಹಿಡಿದರು. ಆರ್ಥರ್ ಕಾದರು. ಹಾಡು ನಿಂತು ಒಳಗಿನಿಂದ ಒಂದು ಗಂಭೀರ ಸದ್ದು ಬಂದಾಗ ಅತ್ತೆ ಕಣ್ಣು ತೆರೆದು, "ಈಗ ಕಾದೈತಿ," ಅಂದರು. ಆರ್ಥರ್ ಗೇಜು ನೋಡಿ ತಲೆಯಾಡಿಸಿದರು.

ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಡಿಕೆ ಒತ್ತಿದರು. ಕಾರು ಹೊರಟಿತು ಎಂದು ನನಗೆ ತಿಳಿದದ್ದು ಅದು ದೂರವಾದ ಮೇಲೆಯೇ. ಸದ್ದೇ ಇಲ್ಲ. ಕೋಟಿನ ಮೇಲೆ ಹೊದ್ದ ಅತ್ತೆಯ ಸೆರಗು, ಆರ್ಥರ್ ಅವರ ಬಾಗಿದ ಬೆನ್ನು, ಹಿಂದೆ ಬಿಳಿಯ ಆವಿ, ಸುತ್ತ ಬಿಳಿಯ ಮಂಜು. ಯಾವುದು ಆವಿ, ಯಾವುದು ಮಂಜು, ಹೇಳುವಂತಿರಲಿಲ್ಲ. ಬಟ್ಟೆ ಕ್ಲಿಪ್ಪು ಕಚ್ಚಿಕೊಂಡು ನಾನು ನೋಡುತ್ತಿದ್ದ ಕಾರು ಅದೇ. ಬೀದಿಯ ತುದಿಯ ಪೇಪರ್ ಅಂಗಡಿಯ ಹತ್ತಿರ ನಿಂತಿತು, ನೀರು ಕಡಿಮೆಯಾಗಿತ್ತು. ಅತ್ತೆ ಅಂಗಡಿಯೊಳಗೆ ಹೋಗಿ ತಮ್ಮ ತಾಮ್ರದ ತಂಬಿಗೆಯಲ್ಲಿ ನೀರು ತಂದು, ಮತ್ತೆ ಹೋಗಿ ತಂದು, ತುಂಬಿದರು. ಮತ್ತೆ ತೇಲುತ್ತ ಬಂದರು.

"ಹೆಂಗಿತ್ರಿ ಅತ್ತಿ?"

"ಕನಸಿನಾಗ ಹೋದಂಗಾತು," ಅಂದರು. ನಾನು ಅಂದೇ ಹೇಳಿಬಿಡಬೇಕಿತ್ತು. ಇಬ್ಬರೂ ಎದುರಿಗಿದ್ದರು, ಇಬ್ಬರ ಮುಖದಲ್ಲೂ ಬೆಳಕಿತ್ತು. ಅದನ್ನು ಕೆಡಿಸಬಾರದೆಂದು ಸುಮ್ಮನಾದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಧೈರ್ಯ ಇರಲಿಲ್ಲ.

ಅತ್ತೆ ತಂಬಿಗೆಯನ್ನು ನನಗೇ ಬಿಟ್ಟು ಹೋದರು. ಆರ್ಥರ್ ಇನ್ನೂ ಒಂಬತ್ತು ವರ್ಷ ಪಕ್ಕದ ಮನೆಯಲ್ಲಿದ್ದರು. ಎಷ್ಟು ಸಲ ಬೇಲಿಯ ಹತ್ತಿರ ನಿಂತು, ಆರ್ಥರ್, ಆ ದಿನ, ಎಂದು ಶುರು ಮಾಡಿದೆನೋ. ವಿಮಾನ ಬರುತ್ತಿತ್ತು. ಅದು ಹೋದ ಮೇಲೆ ನಾನು ಟೊಮ್ಯಾಟೊ ಗಿಡದ ವಿಷಯ ತೆಗೆಯುತ್ತಿದ್ದೆ. ಬಿಟ್ಟ ಶಬ್ದದಿಂದ ಮುಂದುವರಿಸುವ ಪದ್ಧತಿ ಬೀದಿಯಲ್ಲಿ ನನಗೊಬ್ಬಳಿಗೆ ಬರಲಿಲ್ಲ.

ಅಷ್ಟೇ ಆಗಿದ್ದರೂ ಆಗುತ್ತಿತ್ತು. ಎಜ್‌ವೇರಿನಲ್ಲಿ ನಮ್ಮ ಕನ್ನಡದವರು ದೀಪಾವಳಿಗೆ ಸೇರುತ್ತಾರಲ್ಲ, ಬೆಂಗಳೂರಿನ ಐಟಿ ಮಂದಿ, ಮೈಸೂರಿನವರು, ನಾವು ನಾಲ್ಕು ಮನೆ ಧಾರವಾಡದವರು, ಅಲ್ಲಿ ಇದು ನನ್ನ ಹೆಸರುವಾಸಿ ಕಥೆಯಾಯಿತು. ನಮ್ಮ ಅತ್ತೆ ಒಂದು ಕಂಪನಿಯ ಇತಿಹಾಸವನ್ನೇ ಹುಣಸೆಹಣ್ಣು ಹಾಕಿ ತೊಳೆದರು ಎಂದಾಗ ಹಾಲ್ ತುಂಬ ನಗು. ಒಮ್ಮೆ ಬೆಂಗಳೂರಿನ ಹುಡುಗಿಯೊಬ್ಬಳು, "ಅಯ್ಯೋ ಪಾಪ, ನೀವು ಮೊದ್ಲೇ ಹೇಳಿರ್ಲಿಲ್ವಾ ಆಂಟಿ?" ಎಂದಳು. "ಹೇಳಿದ್ದೆ ಕಣಮ್ಮ, ಕೇಳ್ಬೇಕಲ್ಲ!" ಅಂದೆ. ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ.

ಆರ್ಥರ್ ತೀರಿಕೊಂಡು ನಾಲ್ಕು ವರ್ಷವಾಯಿತು. ಕಾರು ಜಾನೆಟ್ಟಳ ಹತ್ತಿರವಿದೆ. ಪೆಟ್ಟಿಗೆಗಳನ್ನು ಈಗ ತೆಗೆದು ನೋಡುತ್ತಿದ್ದಾಳಂತೆ. ಇದರಲ್ಲಿ ನಿಮ್ಮ ಮನೆಯ ಒಬ್ಬರ ಹೆಸರಿದೆ ಎಂದು ಒಂದು ಚೀಟಿ ಇಟ್ಟು ನೋಟ್‌ಬುಕ್ ಕಳಿಸಿದ್ದಾಳೆ. ಟಿಲ್‌ಕಾಟ್ ಕಂಪನಿಯ ಪೂರ್ತಿ ಚರಿತ್ರೆ, ಫಿಟ್ಟರನ ನೇರ ಅಕ್ಷರದಲ್ಲಿ. ಡಾಕ್ಟರು, ಕುದುರೆಯ ತೊಟ್ಟಿ, ಎಲ್ಲ ಇದೆ. ಖಾಲಿ ಬಿಟ್ಟಿದ್ದ ಕೊನೆಯ ಪುಟದಲ್ಲಿ ಕಂಪನಿಯಲ್ಲಿ ಕೆಲಸ ಮಾಡಿದವರ ಹೆಸರುಗಳು. ಟಿಲ್‌ಕಾಟ್, ಅಜ್ಜ ವಿಲಿಯಂ, ಇನ್ನೂ ಕೆಲವರು. ಎಲ್ಲರ ಕೆಳಗೆ ಇದು:

ಗಂಗವ್ವ, ಧಾರವಾಡ. ಬಾಯ್ಲರ್ ತೊಳೆದು, ನೀರು ತುಂಬಿ, ಆವಿ ನೋಡಿದವರು. ಅಕ್ಷರಗಳು ಹೋದದ್ದು ಅವರ ತಪ್ಪಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನನಗೆ ತೋರಿಸಲು ಅಷ್ಟು ಸಂತೋಷದಿಂದ ಬಾಗಿಲಲ್ಲಿ ನಿಂತಿರುತ್ತಿರಲಿಲ್ಲ. ಕಂಪನಿಯ ಕೊನೆಯ ಕೆಲಸಗಾರರು ಅವರು.

ಒಂಬತ್ತು ವರ್ಷ ಬೇಲಿಯ ಆಚೆ ಅವರಿಗೆ ಗೊತ್ತಿತ್ತು. ನನ್ನ ಟೊಮ್ಯಾಟೊ ಗಿಡದ ಮಾತನ್ನು ಅಷ್ಟೂ ವರ್ಷ ಶ್ರದ್ಧೆಯಿಂದ ಕೇಳಿಸಿಕೊಂಡಿದ್ದರು.

ತಂಬಿಗೆ ಬೆಳಗಿದ್ದಾಯಿತು. ಕೈ ಒರೆಸಿಕೊಂಡು ಧಾರವಾಡಕ್ಕೆ ಫೋನು ಹಚ್ಚಿದೆ. ಅಲ್ಲಿ ಸಂಜೆ. ಭಾವನವರ ಮನೆಯ ಗದ್ದಲ, ಮೊಮ್ಮಕ್ಕಳ ಪಟಾಕಿ, ನಡುವೆ ಅತ್ತೆಯ ದನಿ. "ನೀರ ತುಂಬಿದೇನವಾ?"

"ಅತ್ತಿ," ಅಂದೆ. "ಆ ಬಂಬದ ಅಕ್ಷರ ಮುಟ್ಟಬಾರದಂತ ಆರ್ಥರ್ ನಿಮಗ ಹೇಳಂದಿದ್ರು. ನಾ ಹೇಳಲಿಲ್ಲ. ಹೇಳೀನಂತ ಸುಳ್ಳ ಹೇಳಿದೆ."

ಪಟಾಕಿ ಸದ್ದು ದೂರವಾಯಿತು. ಫೋನು ಹಿಡಿದು ಒಳಗಿನ ಕೋಣೆಗೆ ಹೋದರೆಂದು ಕಾಣುತ್ತದೆ. "ಅದು ನನಗ ಗೊತ್ತಿಲ್ಲೇನವಾ? ನೀ ಹೇಳಿದ್ದಿಲ್ಲಂತ ನನಗ ಬಿಟ್ರ ಮತ್ಯಾರಿಗೆ ಗೊತ್ತಾಗಬೇಕು?"

"ಮತ್ತ ಅವತ್ತು ಮರತೆ ಅಂತ ಯಾಕ ಅಂದ್ರಿ?"

"ನಾ ತಿಂಗಳೊಪ್ಪತ್ತಿನಾಗ ಹೋಗಾಕಿ. ನೀ ಆ ಮನಿಶ್ಯಾನ ಮಗ್ಗಲದಾಗ ಬಾಳೇವು ಮಾಡಾಕಿ. ಕೆಟ್ಟರ ನನ್ನ ಹೆಸರ ಕೆಡಲಿ ಅಂದೆ. ಆದ್ರೂ ಹದಿಮೂರು ವರ್ಷ ಭಾಳ ಆತು ನೋಡು. ಇಷ್ಟೊತ್ತಿಗೆ ಬಂಬ ಹತ್ತ ಸಲ ಕಾಯತಿತ್ತು."

ನನಗೆ ಅಳು ಬಂತು. ಅತ್ತುಬಿಟ್ಟೆ. ಅತ್ತೆ ಬ್ಯಾಡ ಅನ್ನಲಿಲ್ಲ. ಆಮೇಲೆ ನೋಟ್‌ಬುಕ್ಕಿನ ವಿಷಯ ಹೇಳಿದೆ.

"ನನ್ನ ಹೆಸರ ಬರದಾನೇನ ಆತ? ಏನಂತ? ಕನ್ನಡದಾಗ ಮಾಡಿ ಓದು."

ಓದಿದೆ. ಬಾಯ್ಲರ್ ತೊಳೆದು, ನೀರು ತುಂಬಿ, ಆವಿ ನೋಡಿದವರು. ಅಕ್ಷರಗಳು ಹೋದದ್ದು ಅವರ ತಪ್ಪಲ್ಲ. ಅವರಿಗೆ ಯಾರೂ ಎನ್ನುವಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ನಿಲ್ಲಿಸಿದೆ. ಕಿಟಕಿಯ ಗಾಜು ನಡುಗಿತು, ತಂಬಿಗೆಯ ನೀರು ನಡುಗಿತು. ಧಾರವಾಡದಲ್ಲಿ ಅತ್ತೆಗೆ ಆ ಸದ್ದು ಕೇಳಿಸಿರಬೇಕು, ಅವರೂ ಮಾತಾಡದೆ ಕಾದರು.

ವಿಮಾನ ದಾಟಿತು. "ಯಾರೂ ಹೇಳಿರಲಿಲ್ಲ," ಎಂದು ನಾನು ಬಿಟ್ಟ ಶಬ್ದದಿಂದಲೇ ಮುಂದುವರಿಸಿದೆ.